ಚಿರತೆಗಿಂತ ಚುಕ್ಕಿ ಹೆಚ್ಚಾದ ಫೋಟೋ

ಫೋಟೋ ತೆಗೆಯುವುದು ಕಷ್ಟದ ಕೆಲಸ ಎನ್ನುವವರನ್ನು ಕಂಡರೆ ನನಗೆ ಆಗ ನಗು ಬರುತ್ತಿತ್ತು. ಚಿತಾಪುರದ ಶಾಲೆಯಲ್ಲಿ ಮಾಸ್ತರನಾಗಿದ್ದ ನಾನು, ವಾಡಿಯ ರೈಲ್ವೆ ಗಾರ್ಡೊಬ್ಬರು ಬೇಸತ್ತು ಬಿಟ್ಟುಕೊಟ್ಟ ಕ್ಯಾಮರಾ ಒಂದರ ಒಡೆಯನಾಗಿದ್ದೆ. ಅವರು ಯಾಕೆ ಬೇಸತ್ತರೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಎಮ್ಮೆ, ಮದುಮಕ್ಕಳು, ಶಾಲೆಯ ಗಂಟೆ, ಹೀಗೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದದ್ದೆಲ್ಲ ಚೊಕ್ಕಟವಾಗಿ ಬಂದಿತ್ತು. ನನಗೆ ಕೊಂಬು ಮೂಡಲು ಇಷ್ಟು ಸಾಕಾಯಿತು.

ಬೇಸಿಗೆ ರಜೆಗೆ ಹೆಂಡತಿಯೊಡನೆ ಚಿಮ್ಮನಚೋಡದ ಮಾವನ ಮನೆಗೆ ಹೋದಾಗ, ಅಲ್ಲಿ ಮಾವನವರ ಮಾನವೇ ಹೋಗಿ ಕೂತಿತ್ತು. ಊರಂಚಿನ ಗುಡ್ಡದಿಂದ ಚಿರತೆಯೊಂದು ಮುಸ್ಸಂಜೆಗೆ ಇಳಿದುಬಂದು, ಹಳ್ಳದ ನೀರು ಕುಡಿದು, ಆಗಾಗ ಯಾರದಾದರೂ ಕರು ಎಳೆದುಕೊಂಡು ಹೋಗುತ್ತಿತ್ತು. ಅದನ್ನು ಕಣ್ಣಾರೆ ಕಂಡವರು ಮಾವನವರೊಬ್ಬರೇ. ಹಳ್ಳಿಗಳ ತಪಾಸಣೆಗೆಂದು ದೌರೆಯ ಮೇಲೆ ಬಂದು ಊರ ಹೊರಗೆ ಡೇರೆ ಹಾಕಿದ್ದ ಸರಕಾರಿ ಸಾಹೇಬರ ಬಳಿ ಹೋಗಿ, ಶಿಕಾರಿಯವರನ್ನು ಕಳಿಸಿರೆಂದು ಕೇಳಿದರೆ, ಅವರು ಅದು ನಾಯಿ ಇರಬೇಕೆಂದು ನಕ್ಕುಬಿಟ್ಟರು. ಊರೂ ನಕ್ಕಿತು. ಅಂದಿನಿಂದ ಮಾವನವರು ಕಟ್ಟೆಯ ಕಡೆಗೆ ಹೋಗುವುದನ್ನೇ ಬಿಟ್ಟಿದ್ದರು.

ಚಿರತೆಯ ಫೋಟೋವನ್ನೇ ತೆಗೆದು ಸಾಹೇಬರ ಕೈಗೆ ಕೊಡೋಣವೆಂದೆ. ಮಾವನವರ ಕಣ್ಣು ತೇವವಾಯಿತು.

"ಕತ್ತಲದಾಗ ನಿಮಗ ನಿಮ್ಮ ಚಪ್ಪಲೇ ಸಿಗಂಗಿಲ್ಲ. ಚಿರತಿ ಸಿಗ್ತದೇನ್ರಿ?" ಎಂದಳು ಹೆಂಡತಿ.

ಕಲಾವಿದನಿಗೆ ಮನೆಯಲ್ಲಿ ಎಂದಾದರೂ ಮರ್ಯಾದೆ ಸಿಕ್ಕಿದೆಯೇ?

ಸಂಜೆ ಹಳ್ಳದ ದಂಡೆಯ ಮರ ಏರಿ ಕುಳಿತೆ. ಚಿರತೆ ಬಂತು! ಬೆಳಕು ಮಾತ್ರ ಅಷ್ಟರಲ್ಲಿ ಹೊರಟುಹೋಗಿತ್ತು. ಕ್ಯಾಮರಾದ ಕಣ್ಣನ್ನು ಹೆಚ್ಚು ಹೊತ್ತು ತೆರೆದಿಟ್ಟರೆ ಚಿರತೆ ಅಲುಗಿ ಮಸುಕಾಗುತ್ತದೆ. ಬೇಗ ಮುಚ್ಚಿದರೆ ಗಾಜಿನ ಪ್ಲೇಟಿನ ಮೇಲೆ ಏನೂ ಮೂಡುವುದಿಲ್ಲ. ನಾನು ಬೇಗ ಮುಚ್ಚಿದೆ. ಉಳಿದದ್ದನ್ನು, ಪ್ಲೇಟು ತೊಳೆದು ಚಿತ್ರ ಮೂಡಿಸುವ ಔಷಧ ನೋಡಿಕೊಳ್ಳುತ್ತದೆ ಎಂಬ ಭಂಡ ಧೈರ್ಯ.

ಆ ಔಷಧಕ್ಕೆ ತಣ್ಣೀರೇ ಬೇಕು. ನೀರು ಬಿಸಿಯಾದರೆ ಚಿತ್ರ ಕಾಳುಕಾಳಾಗುತ್ತದೆ. ಆ ಮನೆಯಲ್ಲಿ ತಣ್ಣಗಿದ್ದದ್ದು ಒಂದೇ, ಅತ್ತೆಯವರ ಮಡಿನೀರಿನ ಕೊಡ. ಔಷಧ ಮೆತ್ತಿ ಕಪ್ಪಾದ ನನ್ನ ಬೆರಳು ನೋಡಿದ್ದೇ, ಅವರು ಅಡುಗೆಮನೆಯ ಹೊಸ್ತಿಲಿಗೆ ಅಡ್ಡ ನಿಂತರು. ನಾನು ಮುಟ್ಟಿದರೆ ಅವರು ಮತ್ತೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಬಾವಿಯಿಂದ ಹೊಸ ನೀರು ತರಬೇಕಂತೆ. ಅಳಿಯ ದೇವರ ಸಮಾನ, ನಿಜ. ಆದರೆ ಕೊಡ ಖುದ್ದು ದೇವರದು!

ಕೊನೆಗೆ ಅಂಗಳದ ಶಹಾಬಾದ್ ಕಲ್ಲಿನ ತೊಟ್ಟಿಯೇ ಗತಿಯಾಯಿತು. ದಿನವೆಲ್ಲ ಬಿಸಿಲು ಕುಡಿದ ಆ ನೀರಿನಲ್ಲಿ ತೊಗರಿಬೇಳೆ ಬೇಯಿಸಬಹುದಿತ್ತು. ಮರುದಿನ ಕಾಳಿನ ಕೋಣೆಯ ಬಾಗಿಲಿಗೆ ಕಂಬಳಿ ಕಟ್ಟಿ, ಬೆವರು ಸುರಿಸುತ್ತಾ ಪ್ಲೇಟನ್ನು ಅದರಲ್ಲೇ ನೆನೆಸಿಟ್ಟೆ. ಚಿತ್ರ ಮೂಡಿತು. ಜೊತೆಗೆ ಚುಕ್ಕಿಗಳೂ ಮೂಡಿದವು. ಚಿರತೆ ಉಗುರಿನಷ್ಟೇ ಇದೆಯೆಂದು ಕಿಟಕಿಯ ಬಿಸಿಲು ಹಾಯಿಸಿ ಕಾಗದದ ಮೇಲೆ ದೊಡ್ಡದು ಮಾಡಿದೆ. ಚುಕ್ಕಿಗಳೂ ದೊಡ್ಡವಾದವು. ಬಂಡೆಗೆ ಚುಕ್ಕಿ, ಮರಕ್ಕೆ ಚುಕ್ಕಿ, ನೀರಿಗೆ ಚುಕ್ಕಿ, ಆಕಾಶಕ್ಕೂ ಚುಕ್ಕಿ! ಚಿರತೆ ಎಲ್ಲಿದೆಯೆಂದು ತೆಗೆದ ನನಗೇ ತಿಳಿಯಲಿಲ್ಲ.

ಜೋಳದ ನುಚ್ಚು ಒಣಹಾಕಿದ ಹಾಗಿದೆ ಎಂದಳು ಹೆಂಡತಿ. ಮಾವನವರಿಗೆ ಮಾತ್ರ ಚಿರತೆ ಸ್ಪಷ್ಟವಾಗಿ ಕಂಡಿತು. ಪಾಪ, ಅವರು ಅದನ್ನು ಮೊದಲೇ ನೋಡಿದ್ದರಲ್ಲ! ಇಸ್ತ್ರಿಯ ರುಮಾಲು ಸುತ್ತಿ, ಬೇಡವೆಂದರೂ ಬಿಡದೆ ನನ್ನನ್ನು ಸಾಹೇಬರ ಡೇರೆಗೆ ಎಳೆದುಕೊಂಡು ಹೋದರು.

ಸಾಹೇಬರು ಫೋಟೋವನ್ನು ನೆಟ್ಟಗೆ ಹಿಡಿದು ನೋಡಿದರು. ತಲೆಕೆಳಗು ಮಾಡಿ ನೋಡಿದರು. ಚುಕ್ಕಿಗಳ ಮೇಲೆ ಬೆರಳಾಡಿಸಿದರು. ಮುಖ ಗಂಭೀರವಾಯಿತು.

"ಮಾಸ್ತರ್‌ಸಾಬ್, ಇಷ್ಟ ಮಿಡತಿ ಬಂದಾವ, ಮೊದಲೇ ಯಾಕ ಹೇಳಲಿಲ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹುಕುಂ ಹೊರಟೇಬಿಟ್ಟಿತು. ಮರುದಿನ, ಶಿಕಾರಿಯವರ ಬದಲು ಮಿಡತೆ ಓಡಿಸುವವರು ಬಡಿದು ಸದ್ದು ಮಾಡಲು ಡಬ್ಬ, ಹಲಗೆ ಹಿಡಿದು ಗುಡ್ಡಕ್ಕೆ ಬಂದರು. ಸಾಹೇಬರು ಕುದುರೆಯ ಮೇಲೆ ಬಂದರು. ಊರಿಗೆ ಊರೇ ಬಂತು. ಮಾವನವರು ತಲೆ ತಗ್ಗಿಸಿ ನಿಂತಿದ್ದರು. ಚಿರತೆ ಇದೆಯೆಂದು ತೋರಿಸಲಾಗದಿದ್ದರೂ, ಮಿಡತೆ ಇಲ್ಲವೆಂದಾದರೂ ಫೋಟೋ ತೆಗೆದು ತೋರಿಸುತ್ತೇನೆಂದು ನಾನು ಕ್ಯಾಮರಾ ಹೂಡಿ ನಿಂತೆ.

ಡಬ್ಬ ಬಡಿದರು. ಪೊದೆಯಿಂದ ಚಿರತೆ ಹಾರಿ ಹೊರಬಂತು! ನೆತ್ತಿ ಸುಡುವ ಬಿಸಿಲು. ಮೈಮೇಲಿನ ಚುಕ್ಕಿಗಳನ್ನು ಎಣಿಸಬಹುದಿತ್ತು. ಅದು ನೇರವಾಗಿ ಕ್ಯಾಮರಾದ ಮುಂದೆ ಬಂದು ನಿಂತು, ಮೂಸಿ ನೋಡಿ, ಸಾವಕಾಶ ಗುಡ್ಡ ದಾಟಿ ಹೋಯಿತಂತೆ. ಬೆಳಕಿತ್ತು, ಚಿರತೆಯಿತ್ತು, ಕ್ಯಾಮರಾ ಇತ್ತು. ನಾನಿರಲಿಲ್ಲ.

ನಾನು ಒಂದೇ ಓಟಕ್ಕೆ ಮನೆ ಸೇರಿ, ಅತ್ತೆಯವರ ಅಡುಗೆಮನೆಯಲ್ಲಿ ಮಡಿನೀರಿನ ಕೊಡ ತಬ್ಬಿಕೊಂಡು ಕೂತಿದ್ದೆ!

ಸಾಹೇಬರು ಕುದುರೆಯಿಂದಿಳಿದು ಮಾವನವರ ಕೈ ಹಿಡಿದು ತಪ್ಪಾಯಿತೆಂದರು. ಅಂದು ಸಂಜೆಯೇ ಮಾವನವರು ಕಟ್ಟೆಗೆ ಹೋಗಿ, ಚಿರತೆ ತಾನೇ ಬಂದು ಸಾಕ್ಷಿ ಹೇಳಿತೆಂದು ಎಲ್ಲರಿಗೂ ಸಾರಿದರು. ಅಳಿಯನ ಹೆಸರೆತ್ತದೆ ಉಪಕಾರ ಮಾಡಿದರು.

ಅತ್ತೆಯವರು ಇನ್ನೊಮ್ಮೆ ಸ್ನಾನ ಮಾಡಿ, ಇನ್ನೊಂದು ಕೊಡ ನೀರು ಸೇದಿದರು. ಆಮೇಲೆ ನನ್ನ ಪ್ಲೇಟನ್ನು ಅದೇ ತೊಟ್ಟಿಯ ಬಿಸಿನೀರಿನಲ್ಲಿ ಚಿತ್ರವೆಲ್ಲ ಹೋಗುವಂತೆ ಉಜ್ಜಿ ತೊಳೆದು, ಗಾಜು ಒಡೆದಿದ್ದ ದೇವರ ಪಟಕ್ಕೆ ಕೂರಿಸಿದರು.

ಹೆಂಡತಿ ಕೈಮುಗಿದು ನೋಡಿದಳು. "ಈಗ ನೋಡ್ರಿ, ಒಂದು ಚುಕ್ಕಿ ಇಲ್ಲ. ನಿಮ್ಮ ಪ್ಲೇಟಿನಾಗ ಇಷ್ಟ ಸ್ವಚ್ಛ ಏನೂ ಕಂಡಿದ್ದೇ ಇಲ್ಲ."