ನೆವರಿಗೊಂದು ನೆವ

ಜುಜೆಯ ಪ್ರಕಾರ ಈ ಭೂಮಂಡಲದಲ್ಲಿ ನಡೆದ ಅತಿ ದೊಡ್ಡ ಅನ್ಯಾಯ ಯಾವುದೆಂದರೆ, ಸಕ್ಕರೆ ಸಿಕ್ಕಿಬಿದ್ದದ್ದು ಅವನ ರಕ್ತದಲ್ಲಿ, ಶಿಕ್ಷೆಯಾದದ್ದು ಮಾತ್ರ ಅವನ ನಾಲಿಗೆಗೆ. "ಸಿಹಿ ಸ್ವಲ್ಪ ಕಡಿಮಿ ಮಾಡ್ರಿ" ಎಂದಷ್ಟೇ ಹಳಿಯಾಳದ ಡಾಕ್ಟರು ಹೇಳಿದ್ದರು. ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಹೆಂಡತಿ ಮರಿಯಾಳ ಬಾಯಲ್ಲಿ ಆ 'ಸ್ವಲ್ಪ ಕಡಿಮಿ' ಎಂಬುದು 'ಪೂರ್ತಿ ಬಂದ್' ಆಗಿತ್ತು.

ಕಾಡಿನೊಳಗಿನ ಕುಳಗಿ ಕ್ಯಾಂಪಿನಲ್ಲಿ ಮೂವತ್ತು ವರ್ಷ ವಾಚ್‌ಮನ್ ಆಗಿದ್ದವನು ಜುಜೆ. ಎದುರಿಗೆ ಬಂದ ಹುಲಿಗೆ "ದಾರಿ ತಪ್ಪಿದೇನಪಾ? ಎಡಕ್ಕ ಹೊಳ್ಳಿ ಸೀದಾ ಹೋಗು" ಎಂದು ಹೇಳಿ ಕಳಿಸಿದವನು. (ಈ ಮಾತಿಗೆ ಹುಲಿಯ ಸಾಕ್ಷಿ ಇನ್ನೂ ಸಿಕ್ಕಿಲ್ಲ.) ಅಂಥವನಿಗೂ ಸ್ವಂತ ಮನೆಯ ಅಡುಗೆಮನೆ ಹೊಕ್ಕು ಹೊರಬೀಳುವುದು ಸಾಧ್ಯವಿರಲಿಲ್ಲ. ಗೋವಾ ಗಡಿಯ ಅನಮೋಡದ ಚೆಕ್‌ಪೋಸ್ಟನ್ನೇ ಎತ್ತಿ ತಂದು ಹೊಸ್ತಿಲಲ್ಲಿ ಇಟ್ಟಂತೆ ಮರಿಯಾ ನಿಂತಿರುತ್ತಿದ್ದಳು. "ಬಾಯಿ ತಗೀರಿ" ಎಂದು ಮೂಸಿ ನೋಡಿಯೇ ಬಿಡುಗಡೆ.

ಹೀಗಿರುವಾಗ ಕ್ರಿಸ್‌ಮಸ್ ಬಂತು. ಕ್ರಿಸ್‌ಮಸ್ ಎಂದರೆ ನೆವರಿ. ಪಕ್ಕದ ಮನೆಯ ಗುರುಸಿದ್ದವ್ವ ದೀಪಾವಳಿಗೆ ಮಾಡುವ ಕರಜಿಕಾಯಿಯೇ ಅದು. ಒಳಗೆ ಅದೇ ಕೊಬ್ಬರಿ, ಅದೇ ಬೆಲ್ಲ, ಅದೇ ಎಳ್ಳು. ಬೇಲಿ ದಾಟುವಾಗ ಹೆಸರು ಬದಲಿಸಿಕೊಳ್ಳುತ್ತದೆ, ಅಷ್ಟೇ. ದೀಪಾವಳಿಯಲ್ಲಿ ಆಕೆ ತಂದ ತಾಟನ್ನು ಮರಿಯಾ ಗಂಡನ ಮೂಗಿನ ಕೆಳಗೇ ಒಳಗೊಯ್ದಿದ್ದಳು. ಕ್ರಿಸ್‌ಮಸ್ಸೂ ಹಾಗೇ ಹೋದರೆ ತಾನು ಬದುಕಿದ್ದು ಯಾವ ಪುರುಷಾರ್ಥಕ್ಕೆ ಎಂದು ಜುಜೆ ಗಂಭೀರವಾಗಿ ಚಿಂತಿಸತೊಡಗಿದ.

ಹಬ್ಬಕ್ಕೆ ನಾಲ್ಕು ದಿನ ಇರುವಾಗ ಮಗ ಅಂತೋನಿ ಧಾರವಾಡದಿಂದ ಮಕ್ಕಳನ್ನು ಕರೆದುಕೊಂಡು ಬಂದ. ಹತ್ತು ವರ್ಷದ ಕರಿಷ್ಮಾ ಚೀಲ ಇಳಿಸುವ ಮೊದಲೇ ನೋಟ್‌ಬುಕ್ ತೆಗೆದಳು.

"ಅಜ್ಜಾ, ನಮ್ಮ ಮನ್ಯಾಗಿನ ಹಬ್ಬದ ಪದ್ಧತಿ ಏನೇನ ಅದಾವು ಅಂತ ದೊಡ್ಡವರನ್ನ ಕೇಳಿ ಬರಕೊಂಡ ಬಾ ಅಂದಾರ ಟೀಚರ್. ಹೇಳು."

ಜುಜೆಯ ತಲೆಯಲ್ಲಿ ಸಾವಿರ ಕ್ಯಾಂಡಲಿನ ದೀಪ ಹತ್ತಿತು. ನೆವರಿ ತಿನ್ನಲು ಅವನಿಗೆ ಇಷ್ಟು ದಿನ ಬೇಕಾಗಿದ್ದದ್ದು ಒಂದು ನೆವ. ಅದೀಗ ನೋಟ್‌ಬುಕ್ ಹಿಡಿದುಕೊಂಡು ತಾನಾಗಿಯೇ ಮನೆಗೆ ಬಂದಿತ್ತು.

"ಬರಕೋ," ಎಂದ, ಗಂಟಲು ಸರಿಮಾಡಿಕೊಂಡು. "ಒಂದನೇದು. ಎಣ್ಣ್ಯಾಗಿಂದ ಮೊದಲ ಬಂದ ನೆವರಿ ಮನಿ ಹಿರ್ಯಾ ತಿನ್ನಬೇಕು. ಇಲ್ಲಂದ್ರ ಉಳಿದವೆಲ್ಲಾ ಬಾಯಿ ಒಡೀತಾವ. ಎರಡನೇದು. ನಕ್ಷತ್ರದ ದೀಪ ಕಟ್ಟೂ ಮುಂದ ಏಣಿ ಹತ್ತೂ ಹಿರ್ಯಾಗ ಎರಡು ನೆವರಿ. ಎಡಗೈಗೊಂದು, ಬಲಗೈಗೊಂದು. ತೂಕ ತಪ್ಪಬಾರದಲ್ಲಾ? ಮೂರನೇದು. ಗೋದಲಿ ಮಾಡಿ ಬಾಲಯೇಸುವನ್ನ ಮಲಗಿಸಿದ ಮ್ಯಾಲ, ಮೂರು ಮಂದಿ ರಾಯರು ಮೂರು ಕಾಣಿಕಿ ತಂದ್ರಲ್ಲಾ, ಅದರ ನೆನಪಿಗೆ ಹಿರ್ಯಾಗ ಮೂರು."

"ನೆವರೀನಾ?"

"ಮತ್ತೇನ ಬಂಗಾರ ಕೊಡ್ತಾಳೇನ ನಿಮ್ಮಜ್ಜಿ?"

ಐದು ವರ್ಷದ ಅಜಯ ಕಣ್ಣರಳಿಸಿ ಕೇಳಿದ: "ತಿನ್ನದಿದ್ರ ಏನಕ್ಕೈತಿ ಅಜ್ಜಾ?"

"ನಮ್ಮ ಮುತ್ತಜ್ಜ ಒಂದ ವರ್ಷ ತಿನ್ನಲಿಲ್ಲ. ಕಾಳಿ ನದಿ ಮೂರು ದಿನ ಹಿಂದಕ್ಕ ಹರೀತು! ದಾಂಡೇಲಿಯ ಮೊಸಳಿಗೋಳು ಎತ್ಲಾಗ ಮುಖ ಮಾಡಿ ಮಲಗಬೇಕು ಅಂತ ತಿಳೀದ ಕಂಗಾಲಾದವು."

ಕರಿಷ್ಮಾ ಮೊಸಳೆಗಳನ್ನೂ ಬಿಡದೆ ಬರೆದುಕೊಂಡಳು.

ಮರುದಿನ ಕಡಾಯಿಯಲ್ಲಿ ಎಣ್ಣೆ ಕಾಯಿತು. ಗುರುಸಿದ್ದವ್ವ ಲಟ್ಟಿಸಿ ತುಂಬುತ್ತಿದ್ದಳು, ಮರಿಯಾ ಕರಿಯುತ್ತಿದ್ದಳು. ಮೊದಲ ನೆವರಿ ಹೊಂಬಣ್ಣಕ್ಕೆ ತಿರುಗಿ ಮೇಲೆ ಬಂದದ್ದೇ ತಡ, ನೋಟ್‌ಬುಕ್ ಹಿಡಿದು ಕರಿಷ್ಮಾ ಅಡ್ಡ ಬಂದಳು. "ಅಜ್ಜೀ, ಇದು ಅಜ್ಜಂದು! ಪದ್ಧತಿ ನಂಬರ್ ಒಂದು!"

ಮರಿಯಾ ಓದಿಸಿ ಕೇಳಿದಳು. ಆಮೇಲೆ ಬಾಗಿಲಲ್ಲಿ ಸಂತನ ಮುಖ ಮಾಡಿಕೊಂಡು ನಿಂತಿದ್ದ ಗಂಡನನ್ನು ನೋಡಿದಳು.

"ನಲವತ್ತ ವರ್ಷ ಆತು ನಾ ಈ ಮನಿಗೆ ಬಂದು. ಈ ಪದ್ಧತಿ ಎಲ್ಲಿತ್ತರಿ?"

"ನೀ ಹೊರಗಿಂದ ಬಂದಾಕಿ. ಇದು ಗಂಡಸರ ಕಡೀ ಪದ್ಧತಿ."

"ಹೌದೇನ ಜುಜೆಣ್ಣಾ?" ಎಂದು ಗುರುಸಿದ್ದವ್ವ ನಗು ತಡೆಯಲಾರದೆ ಕೇಳಿದಳು. ಆ ನಗುವಿನಲ್ಲಿ ಅಂಚು ಒತ್ತುವುದನ್ನು ಮರೆತಳೋ ಏನೋ, ಆಕೆ ತುಂಬಿದ ಎರಡನೆಯ ನೆವರಿ 'ಟಪ್' ಎಂದು ಬಾಯಿ ಬಿಟ್ಟು ಎಣ್ಣೆಯ ತುಂಬ ಎಳ್ಳು ಚೆಲ್ಲಿತು.

"ಒಡೀತು! ಒಡೀತು!" ಅಜಯ ಕಿರುಚಿದ. "ಅಜ್ಜಗ ಕೊಡ್ರಿ ಲಗೂನ! ನದಿ ಹಿಂದಕ್ಕ ಹೊಂಟೀತು!"

ಕಿರುಚುವ ಮೊಮ್ಮಗನ ಎದುರು ಯಾವ ಚೆಕ್‌ಪೋಸ್ಟ್ ತಾನೆ ನಿಂತೀತು? ಮರಿಯಾ ಕೊಟ್ಟಳು. ಜುಜೆ ಕಣ್ಣು ಮುಚ್ಚಿ ತಿಂದ. ಬೆಲ್ಲ ಗಂಟಲಿಗಿಳಿದಾಗ ಆತನಿಗೆ ಹಬ್ಬದ ಕುಣಿತಕ್ಕೆ ಬಾರಿಸುವ ಡಮಾಮಿ ಡೋಲು ಬಡಿದ ಸದ್ದು ಕೇಳಿಸಿತಂತೆ. ಡಮಾಮಿ ಗೋಡೆಯ ಮೇಲೆ ತೂಗಾಡುತ್ತಾ ಸುಮ್ಮನೇ ಇತ್ತು.

ಸಂಜೆಯೊಳಗೆ ನಕ್ಷತ್ರ ಮೇಲೇರಿತು, ಎರಡು ನೆವರಿ ಕೆಳಗಿಳಿದವು. ಗೋದಲಿಯೂ ಆಯಿತು. ಅದಕ್ಕೆ ಮೂರು. ಮರಿಯಾ ಒಂದು ಮಾತೂ ಆಡಲಿಲ್ಲ. ಕಾಡಿನಲ್ಲಿ ಹಕ್ಕಿಗಳೆಲ್ಲ ಒಮ್ಮೆಲೇ ಸುಮ್ಮನಾದರೆ ಏನರ್ಥ ಎಂದು ಮೂವತ್ತು ವರ್ಷದ ವಾಚ್‌ಮನ್ನನಿಗೆ ಗೊತ್ತಿರಬೇಕಿತ್ತು. ಬಾಯಲ್ಲಿ ನೆವರಿ ಇದ್ದುದರಿಂದ ತಲೆ ಓಡಲಿಲ್ಲ.

"ಕರಿಷ್ಮಾ, ನೋಟ್‌ಬುಕ್ ತಗೊಂಡ ಬಾರವ್ವಾ," ಎಂದು ಕೊನೆಗೆ ಮರಿಯಾ ಕರೆದಳು. "ಗಂಡಸರ ಕಡೀದು ಆತು. ಹೆಂಗಸರ ಕಡೀ ಪದ್ಧತಿ ಉಳೀತು. ಬರಿ. ಹಿರ್ಯಾ ಎಷ್ಟು ನೆವರಿ ತಿಂದಾನೋ ಅಷ್ಟು ಮನಿಗೆ ಹಬ್ಬದ ತಾಟು ತಾನಽ ಹೊತ್ತು ಮುಟ್ಟಿಸಬೇಕು. ಯಾರ ಮನ್ಯಾಗೂ ಹರಳು ಸಕ್ರಿ ಸುದ್ದಾ ಬಾಯಾಗ ಹಾಕ್ಕೋಬಾರದು. ಜನವರಿ ಆರಕ್ಕ ಬರೂ ಮೂರು ರಾಯರ ಹಬ್ಬದ ತನಕಾ ದಿನಾ ಹಾಗಲಕಾಯಿ ಪಲ್ಯ ತಿನ್ನಬೇಕು. ಆ ಹಬ್ಬದ ದಿನ ಎರಡು ನೆವರಿ ಸಿಗತಾವ. ಡಬ್ಬಿ ಅಲ್ಲೀತನಕಾ ಅಟ್ಟದ ಮ್ಯಾಲ."

"ಇಲ್ಲದಿದ್ರ?" ಎಂದು ಜುಜೆ ಕುಳಿತಲ್ಲಿಂದ ಎದ್ದ.

"ಇಲ್ಲದಿದ್ರ ಕಾಳಿ ನದಿ ಮತ್ತ ಹಿಂದಕ್ಕ ಹರೀತೈತಿ," ಎಂದಳು ಮರಿಯಾ. "ಪಾಪ, ಆ ಮೊಸಳಿಗೋಳು."

ಇಲ್ಲವೆಂದರೆ ತನ್ನ ಮುತ್ತಜ್ಜನೇ ಸುಳ್ಳಾಗುತ್ತಾನೆ. ಕ್ರಿಸ್‌ಮಸ್ ದಿನ ಚರ್ಚಿನ ಪೂಜೆ ಮುಗಿಸಿ ಬಂದ ಜುಜೆ ತಾಟು ಹೊತ್ತ. ಆರು ತಾಟು, ಆರು ಮನೆ. ಮುಂದೆ ಜುಜೆ, ಹಿಂದೆ ನೋಟ್‌ಬುಕ್, ಅದರ ಹಿಂದೆ ಅಜಯ. "ಒಂದ ತುಣುಕು ತಿನ್ನು ಜುಜೆಣ್ಣಾ" ಎಂದು ಗುರುಸಿದ್ದವ್ವ ಬೇಕೆಂದೇ ಶೇಂಗಾ ಉಂಡಿ ಚಾಚಿದಾಗ, ಅವನು ಹೇಳುವ ಮೊದಲೇ "ಅಜ್ಜ ತಿನ್ನಂಗಿಲ್ಲ, ಪದ್ಧತಿ ಐತಿ!" ಎಂದು ಇಬ್ಬರೂ ಕೂಗಿದರು. ಉಂಡಿ ಅವರಿಗೇ ಹೋಯಿತು.

ಆಮೇಲಿನ ದಿನಗಳಲ್ಲಿ ಜುಜೆ ಹಾಗಲಕಾಯಿ ಅಗಿಯುತ್ತಾ ಅಟ್ಟದ ಮೇಲಿನ ಡಬ್ಬಿಯನ್ನೇ ನೋಡಿದ. ಜನವರಿ ಆರು. ಎರಡು ನೆವರಿ. ಅಷ್ಟೇ ಅವನ ಜೀವನದ ಗುರಿ.

ಹೊಸ ವರ್ಷದ ಮರುದಿನ ಮಕ್ಕಳು ಧಾರವಾಡಕ್ಕೆ ಹೊರಟು ನಿಂತರು. ಅಂತೋನಿ ಚೀಲ ಎತ್ತಿಕೊಂಡ. ಅಷ್ಟರಲ್ಲಿ ಅಜಯ ಅಂಗಳದ ನಡುವೆ ನಿಂತು, ಜುಜೆಯ ಹಾಗೆಯೇ ಗಂಟಲು ಸರಿಮಾಡಿಕೊಂಡ.

"ಅಕ್ಕಾ, ಒಂದ ಪದ್ಧತಿ ಬರಿಯೂದ ಉಳದೈತಿ. ಊರಿಗೆ ಹೋಗೂ ಮೊಮ್ಮಕ್ಕಳು ನೆವರಿ ಡಬ್ಬೀನ ಪೂರ್ತಿ ಒಯ್ಯಬೇಕು. ತಳದಾಗಿನ ಎಳ್ಳೂ ಬಿಡಬಾರದು."

"ಏ, ಇದನ್ನ ಯಾರ ಹೇಳಿದ್ರೋ ನಿನಗ?" ಜುಜೆ ಗಾಬರಿಯಿಂದ ಕೇಳಿದ.

"ನಮ್ಮ ಮುತ್ತಜ್ಜ," ಎಂದ ಅಜಯ, ಕಣ್ಣು ಮಿಟುಕಿಸದೆ. "ಬಿಟ್ಟ ಹೋದ್ರ ಬಸ್ಸು ಧಾರವಾಡದ ತನಕಾ ಹಿಂದಕ್ಕ ಓಡತೈತಿ. ಡ್ರೈವರಗ ಎತ್ಲಾಗ ಮುಖ ಮಾಡಿ ಕೂಡಬೇಕಂತ ತಿಳಿಯಂಗಿಲ್ಲ."

ಮರಿಯಾ ಆಗಲೇ ಏಣಿ ಹತ್ತಿ ಡಬ್ಬಿ ಇಳಿಸಿದ್ದಳು.

"ಏನಂತೀರಿ? ಗಂಡಸರ ಕಡೀ ಪದ್ಧತಿನಽ ಹೌದಲ್ರೀ?"

ಜುಜೆ ಡಬ್ಬಿಯನ್ನು ನೋಡಿದ, ಮೊಮ್ಮಗನನ್ನು ನೋಡಿದ. ಮೂಗು, ನಿಲುವು, ಸುಳ್ಳು, ಒಂದೂ ಹೊರಗಿನದಲ್ಲ.

"ಹೌದು," ಎಂದ ಜುಜೆ, ಉಗುಳು ನುಂಗಿ. "ನಮ್ಮದಽ ಪದ್ಧತಿ."