ರೊಟ್ಟಿ ಬಡಿಯದ ಹದಿನೈದು ದಿನ

ಅರ್ಥಶಾಸ್ತ್ರ ಕಲಿಸುವವರಿಗೆ ಒಂದು ಚಟವಿರುತ್ತದೆ. ಏನು ಕೇಳಿದರೂ 'ಒಂದು ಕಡೆಯಿಂದ ನೋಡಿದರೆ' ಎಂದು ಶುರು ಮಾಡಿ, 'ಇನ್ನೊಂದು ಕಡೆಯಿಂದ ನೋಡಿದರೆ' ಎಂದು ಮುಗಿಸುತ್ತೇವೆ. ತೀರ್ಪು ಕೇಳುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ. ಇಪ್ಪತ್ತೆರಡು ವರ್ಷ ನಾನು ಹೀಗೆಯೇ ಸಂಬಳ ತೆಗೆದುಕೊಂಡಿದ್ದೇನೆ. ಹಾಗಾಗಿ ಬಬಲೇಶ್ವರದ ಕಾಲೇಜಿನವರು 'ಸೇನಾ ಸರ್ವಾಧಿಕಾರದಲ್ಲಿ ಮುಕ್ತ ಮಾರುಕಟ್ಟೆ: ಒಳಿತೋ ಕೆಡುಕೋ' ಎಂಬ ಉಪನ್ಯಾಸಕ್ಕೆ ಕರೆದಾಗ ಹಟ ತೊಟ್ಟೆ. ಏನೇ ಆಗಲಿ, ಈ ಸಲ ತೀರ್ಪು ಕೊಟ್ಟೇ ಬರಬೇಕು.

ಓದುತ್ತಾ ಹೋದಂತೆ, ಹೊರದೇಶಗಳಲ್ಲಿ ಅಧಿಕಾರ ಹಿಡಿದು ಮಾರುಕಟ್ಟೆ ತೆರೆದ ಸೇನಾಧಿಕಾರಿಗಳ ಮೇಲೆ ನನಗೆ ಸಣ್ಣದೊಂದು ಮೋಹ ಹುಟ್ಟಿತು, ಅದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಆಜ್ಞೆ, ಸಂಜೆಗೆ ಸುಧಾರಣೆ. ಬೆಲೆ ನಿಯಂತ್ರಣ ತೆಗೆದರು, ಅಂಗಡಿಗಳು ತುಂಬಿದವು. ನಮ್ಮ ಜಲನಗರದ ಮನೆಯಲ್ಲಾದರೆ ಪರದೆಯ ಬಣ್ಣ ಬದಲಿಸಲು ಮೂರು ತಿಂಗಳು ಚರ್ಚೆ ನಡೆದಿತ್ತು, ಪರದೆ ಇನ್ನೂ ಹಳೆಯದೇ ಇದೆ. ಆ ಮೋಹದಲ್ಲೇ ನಾನೂ ಒಂದು ಆಜ್ಞೆ ಹೊರಡಿಸಿದೆ: ನಾಳೆಯಿಂದ ಮನೆಯಲ್ಲಿ ರೊಟ್ಟಿ ಬಡಿಯುವಂತಿಲ್ಲ, ಅಥಣಿ ರಸ್ತೆಯಲ್ಲಿ ರೊಟ್ಟಿ ಮಾಡಿ ಮಾರುವ ಹೆಂಗಸಿನಿಂದ ತರುವುದು. ಹೆಂಡತಿ ಮಾದೇವಿಯ ಮಣಿಕಟ್ಟಿನ ನೋವಿಗೂ ಇದೇ ಮದ್ದು ಎಂದುಕೊಂಡೆ. ಅವಳನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಅದೂ ಪರದೆಯ ಕಥೆಯಾಗುತ್ತಿತ್ತು.

ಸುಧಾರಣೆ ಗೆದ್ದಿತು. ಬಿಸಿ ರೊಟ್ಟಿ, ಕಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಬೇಕುಬೇಕಾದ್ದು ತಾಟಿಗೆ ಬಂತು. ಹದಿನೈದು ದಿನ ಮಾದೇವಿ ಒಂದು ತಕರಾರನ್ನೂ ಎತ್ತಲಿಲ್ಲ. ನಾನು ಟಿಪ್ಪಣಿಯಲ್ಲಿ 'ಶಾಂತಿ, ಸ್ಥಿರತೆ' ಎಂದು ಬರೆದು ಕೆಳಗೆ ಗೆರೆ ಎಳೆದೆ.

ಬಬಲೇಶ್ವರದ ಉಪನ್ಯಾಸದಲ್ಲಿ ಆ ದೇಶಗಳ ಅಂಗಡಿಗಳು ತುಂಬಿದ್ದನ್ನೂ ಹೇಳಿದೆ, ಜೈಲುಗಳು ತುಂಬಿದ್ದನ್ನೂ ಹೇಳಿದೆ. ಇನ್ನೇನು 'ಆದರೂ ಜನ ಆರಾಮಾಗಿಯೇ ಇದ್ದರು' ಎಂದು ತೀರ್ಪಿನ ಕಡೆ ಹೊರಳಿದಾಗ ರುಕ್ಸಾನಾ ಎಂಬ ವಿದ್ಯಾರ್ಥಿನಿ ಎದ್ದು ನಿಂತಳು.

"ಸರ್, ಬಾಯಿ ತಗದವ್ರನ್ನ ಒಳಗ ಹಾಕತಿದ್ರು ಅಂತ ನೀವ ಹೇಳಿದ್ರಿ. ಹಂಗಿದ್ರ ಜನ ಆರಾಮ ಇದ್ರು ಅಂತ ನಿಮಗ ಯಾರು ಹೇಳಿದ್ರು?"

ನನಗೆ ನೆನಪಾದದ್ದು ರೊಟ್ಟಿ ಬಡಿಯುವ ಸದ್ದು. ನಮ್ಮ ಮನೆಯಲ್ಲಿ ಮಾದೇವಿಯ ಸಿಟ್ಟು ಮೊದಲು ಇಳಿಯುವುದು ರೊಟ್ಟಿಯ ಮೇಲೆ. ಮೆತ್ತಗೆ ಬಡಿದರೆ ಎಲ್ಲ ಸರಿಯಿದೆ ಎಂದರ್ಥ. ಓಣಿಗೆಲ್ಲ ಕೇಳುವಂತೆ ಬಡಿದರೆ ನಾನು ಸುಮ್ಮನೆ ಎದ್ದು ಹಾಲು ತರಲು ಹೋಗುತ್ತಿದ್ದೆ. ಮದುವೆಯಾದಾಗಿನಿಂದ ನನ್ನ ಬೆಳಗಿನ ಪತ್ರಿಕೆ ಅದೇ. ಅದನ್ನು ನಾನೇ ಮುಚ್ಚಿಸಿ, ಕೆಟ್ಟ ಸುದ್ದಿಯೇ ಇಲ್ಲವೆಂದು ಖುಷಿಪಟ್ಟಿದ್ದೆ. ಬಹಳ ನಾಚಿಕೆಯಾಯಿತು. ಯಾರೂ ಹೇಳಿಲ್ಲ, ನಾನೇ ತಿಳಿದುಕೊಂಡಿದ್ದೆ ಎಂದು ಒಪ್ಪಿಕೊಂಡೆ. ತುಂಬಿದ ಅಂಗಡಿ ಒಳ್ಳೆಯದೇ, ಆದರೆ ಜನರ ಬಾಯಿ ಕಟ್ಟಿದ ತಪ್ಪನ್ನು ಅದು ತೊಳೆಯುವುದಿಲ್ಲ ಎಂದೆ. ಇನ್ನೊಂದು ಕಡೆಯಿಂದ ನೋಡಲು ಹೋಗಲಿಲ್ಲ.

ಮನೆಗೆ ಬಂದವನೇ, ರೊಟ್ಟಿ ನಿಲ್ಲಿಸಿದ್ದು ನಿನಗೆ ಸರಿಬಂತೇ ಎಂದು ಮಾದೇವಿಯನ್ನು ಕೇಳಿದೆ. ಅವಳು ಮಣಿಕಟ್ಟು ಮುಂದೆ ಹಿಡಿದಳು.

"ಕೈ ನೋಯ್ತಿತ್ತು, ಖರೆ. ಒಂದ ಮಾತ ಕೇಳಿದ್ರ ನಾನ ಹೂಂ ಅಂತಿದ್ನಿ. ನನ್ನ ಒಲಿ ಮ್ಯಾಲಿನ ಹಂಚ ನನಗ ಕೇಳದ ಇಳಿಸಿಬಿಟ್ರಿ."

ಆಜ್ಞೆ ಅಂದೇ ವಾಪಸಾಯಿತು. ಈಗ ವಾರದಲ್ಲಿ ನಾಲ್ಕು ದಿನ ಹೊರಗಿನ ರೊಟ್ಟಿ, ಮೂರು ದಿನ ಮನೆಯದು. ಯಾವ ದಿನ, ಯಾರಿಂದ ಎಂಬುದು ಅವಳಿಗೆ ಬಿಟ್ಟದ್ದು. ಆದರೆ ಕೇಳುವುದು ಶುರುವಾದ ಮೇಲೆ ಹಳೆಯದೆಲ್ಲ ಚರ್ಚೆಗೆ ಬಂತು: ಪರದೆ, ನನ್ನ ಗೊರಕೆ, ತಿಕೋಟಾದ ಅವಳ ತವರಿನಲ್ಲಿ ನಾನು ತಪ್ಪಿಸಿಕೊಂಡ ಮದುವೆಗಳು. ಒಂದೊಂದಕ್ಕೂ ಉತ್ತರ ಕೊಡುವಷ್ಟರಲ್ಲಿ ತಾಟಿನಲ್ಲಿ ಪಲ್ಯ ಆರಿರುತ್ತದೆ. ಮೊನ್ನೆ ಬೆಳಿಗ್ಗೆ ಟಿಪ್ಪಣಿ ತೆರೆದು, ಸರ್ವಾಧಿಕಾರದ ಒಳಿತುಗಳ ಪಟ್ಟಿಗೆ 'ಊಟ ಬೇಗ ಮುಗಿಯುತ್ತದೆ' ಎಂದು ಸೇರಿಸಲು ಪೆನ್ನೆತ್ತಿದೆ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಇದ್ದಕ್ಕಿದ್ದಂತೆ ಜೋರಾಯಿತು. ಪೆನ್ನು ಜೇಬಿಗೆ ಸಿಕ್ಕಿಸಿ ಹಾಲು ತರಲು ಹೊರಟೆ.