ಚಿತ್ರ ಹೇಳಿದ್ದನ್ನು ಬಾಯಿ ಹೇಳಬಾರದು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದ ಹಿರಿಯರು, ಆಡದೆ ಉಳಿಸಿಕೊಂಡ ಮಾತು ಏನಾಗುತ್ತದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಅದೂ ಹೋಗುತ್ತದೆ ಸ್ವಾಮಿ. ನನ್ನಂಥ ವಾಚಾಳಿಯ ಬಾಯಲ್ಲಿ ಈ ಉಪದೇಶ ಕೇಳಿ ನಗಬೇಡಿ. ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ನಾನು ಗುಮಾಸ್ತ. ಟೈಪು ಮಾಡುವುದರ ಜೊತೆಗೆ ನಮ್ಮ ಕಾರ್ಮಿಕರ ಪತ್ರಿಕೆಗೆ ಬರೆಯುವುದೂ ನನ್ನದೇ ಕೆಲಸ. ಕ್ಯಾಂಟೀನಿನ ನಲ್ಲಿ ಕೆಟ್ಟಿದೆ ಎಂದು ಒಂದು ಸೂಚನೆ ಬರೆಯಿರಿ ಎಂದರೆ, ಮಾನವನ ಬದುಕಿನಲ್ಲಿ ನೀರಿನ ಮಹತ್ವದಿಂದ ಶುರು ಮಾಡಿ, ನಲ್ಲಿಯ ಹತ್ತಿರ ಬರುವಷ್ಟರಲ್ಲಿ ಹಾಳೆ ಮುಗಿದಿರುತ್ತಿತ್ತು. ಅಷ್ಟರೊಳಗೆ ನಲ್ಲಿಯೂ ರಿಪೇರಿಯಾಗಿರುತ್ತಿತ್ತು. ನಮ್ಮ ಮ್ಯಾನೇಜರು ಇದಕ್ಕೊಂದು ಮದ್ದು ಹುಡುಕಿದರು. ಚಿತ್ರ ಮತ್ತು ಧ್ವನಿ ಎರಡನ್ನೂ ಸೇರಿಸಿ ಬರೆಯುವುದು ಹೇಗೆ ಎಂದು ಕಲಿಸುವ ಮೂರು ವಾರದ ತರಬೇತಿಗೆ ನನ್ನನ್ನು ಅಟ್ಟಿದರು.

ಅಲ್ಲಿ ಪಾಠ ಹೇಳುತ್ತಿದ್ದವರು ಗಡ್ಡದ ತರುಣರೊಬ್ಬರು. ಹಾಳೆಯ ನಡುವೆ ಗೀಟು ಎಳೆಯಬೇಕು, ಎಡಕ್ಕೆ ತೆರೆಯ ಮೇಲೆ ಕಾಣುವುದು, ಬಲಕ್ಕೆ ಕಿವಿಗೆ ಕೇಳುವುದು. ನಾನು ಬಲಗಡೆ ತುಂಬಿಸಿದ್ದನ್ನೆಲ್ಲ ಅವರು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕುತ್ತಿದ್ದರು. “ರೀ, ತೆರೆ ಮೇಲೆ ಆನೆ ನಿಂತಿದೆ. ನೀವು ‘ಇದು ಆನೆ’ ಅಂದ್ರೆ ಆನೆಗೂ ಅವಮಾನ, ನೋಡೋರಿಗೂ ಅವಮಾನ. ಚಿತ್ರ ಹೇಳಿದ್ದನ್ನ ಬಾಯಿ ಹೇಳಬಾರ್ದು!” ಮೊದಮೊದಲು ಸಿಟ್ಟು ಬಂತು. ಆಮೇಲೆ ಹೊಸದಾಗಿ ದೀಕ್ಷೆ ತೆಗೆದುಕೊಂಡವನಂತೆ ಆಗಿಬಿಟ್ಟೆ. ಉಪ್ಪಿಟ್ಟು ಹೇಗಿದೆ ಎಂದು ನನ್ನ ಹೆಂಡತಿ ಸರೋಜ ಕೇಳಿದರೆ, ಮಾತಿಲ್ಲದೆ ಖಾಲಿ ತಟ್ಟೆ ತೋರಿಸಿದೆ. “ಯಾಕ್ರೀ, ಬಾಯಿಗೇನಾಯ್ತು?” ಎಂದು ಅವಳು ಗಾಬರಿಯಾದಳು. ಮದುವೆಯಾದಾಗಿನಿಂದ ಸುಮ್ಮನಿರಿ ಸುಮ್ಮನಿರಿ ಎಂದವಳೇ ಅವಳು!

ತರಬೇತಿ ಮುಗಿಸಿ ಬಂದಾಗ ಕಾರ್ಖಾನೆಗೆ ಇಪ್ಪತ್ತೈದು ತುಂಬುವ ಸಂಭ್ರಮ. ಹಳೆಯ ಫೋಟೋಗಳನ್ನು ಸ್ಲೈಡು ಮಾಡಿ, ಕ್ಯಾಸೆಟ್ಟಿನ ಮಾತಿನೊಂದಿಗೆ ಒಂದೊಂದಾಗಿ ತೆರೆಯ ಮೇಲೆ ಬಿಡುವ ಪ್ರದರ್ಶನ ನನ್ನ ಪಾಲಿಗೆ ಬಂತು. ಈಗ ನಮ್ಮ ತಂದೆಯವರ ವಿಷಯ ಹೇಳಬೇಕು. ಅವರೂ ಅದೇ ಕಾರ್ಖಾನೆಯಲ್ಲಿ ಲೇತ್ ಮೇಲೆ ಉಕ್ಕು ಕಡೆಯುವ ಕೆಲಸದಲ್ಲಿದ್ದವರು. ಟರ್ನರ್ ನಂಜುಂಡಯ್ಯ ಎಂದರೆ ಲೇತ್ ಯಂತ್ರವೇ ಎದ್ದು ನಿಲ್ಲುತ್ತದೆ ಎಂದು ಹಳಬರು ತಮಾಷೆ ಮಾಡುತ್ತಿದ್ದರು. ಎಡಗೈಯ ತೋರುಬೆರಳಿನ ತುದಿಯನ್ನು ಆ ಯಂತ್ರಕ್ಕೇ ಕೊಟ್ಟಿದ್ದರು. ಕೊನೆಗೆ ಕಣ್ಣಿನ ನರ ಒಣಗಿ, ದೃಷ್ಟಿ ಪೂರ್ತಿ ಹೋಗಿ, ಅವಧಿಗೆ ಮೊದಲೇ ಕೆಲಸ ಬಿಟ್ಟರು. ಮೊದಲ ವರ್ಷ ಸ್ನೇಹಿತರು ವಿಜಯನಗರದ ನಮ್ಮ ಮನೆಗೆ ಬಂದುಹೋಗುತ್ತಿದ್ದರು. ಆಮೇಲೆ ಯಾರೂ ಬರಲಿಲ್ಲ. ಅಪ್ಪ ಮಾತ್ರ ದಿನಾ ಬೆಳಿಗ್ಗೆ ಪಾಳಿಯ ಹೊತ್ತಿಗೆ ಸರಿಯಾಗಿ ಶರ್ಟು ಹಾಕಿಕೊಂಡು ಬಾಗಿಲ ಬಳಿ ಕೂರುತ್ತಿದ್ದರು.

ಪ್ರದರ್ಶನದ ಸುದ್ದಿ ಕೇಳಿ ಅವರು ಮೆಲ್ಲಗೆ ಕೇಳಿದರು, “ಸೀನ, ಅದರಲ್ಲಿ ನಮ್ಮ ಕಾಲದೋರು ಯಾರಾದ್ರೂ ಬರ್ತಾರೇನೋ? ನಮ್ಮನ್ನೆಲ್ಲ ನೆನಪಿಟ್ಕೊಂಡಿದಾರಾ?”

ನನಗೆ ಒಳಗೊಳಗೇ ಖುಷಿ. ಹಳೆಯ ಫೋಟೋಗಳ ಕಟ್ಟಿನಲ್ಲಿ ನನಗೊಂದು ನಿಧಿಯೇ ಸಿಕ್ಕಿತ್ತು. ಮುಖವಿಲ್ಲ, ಬರೀ ಎರಡು ಕೈ. ಉಕ್ಕಿನ ತುಂಡೊಂದನ್ನು ಅಳೆಯುತ್ತಿರುವ, ಎಣ್ಣೆ ಮೆತ್ತಿದ ಕೈ. ಎಡಗೈಯ ತೋರುಬೆರಳು ಮೊಂಡು. ಚಿಕ್ಕಂದಿನಲ್ಲಿ ಅದೇ ಬೆರಳು ಹಿಡಿದುಕೊಂಡು ಶಾಲೆಗೆ ಹೋದವನು ನಾನು, ಗುರುತು ಸಿಗದೆ ಇರುತ್ತದೆಯೇ? ಪ್ರದರ್ಶನದ ಕೊನೆಗೆ ಆ ಚಿತ್ರ ಇಟ್ಟೆ. ಬಲಗಡೆ ಏನು ಬರೆದೆ ಗೊತ್ತೆ? ಏನೂ ಇಲ್ಲ. ಹನ್ನೆರಡು ಸೆಕೆಂಡು ಮೌನ. ಗಡ್ಡದ ಮೇಷ್ಟರು ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

“ನೀವೇ ಬಂದು ನೋಡಿ ಅಪ್ಪಾ” ಎಂದೆ. ಹೌದು, ನೋಡಿ ಎಂದೆ. ಆ ಮಾತು ಆಡುವಾಗಲೂ ನನ್ನ ತಲೆಗೆ ಹೊಳೆಯಲಿಲ್ಲ.

ಮಗುವಿಗೆ ಜ್ವರವೆಂದು ಸರೋಜ ಬರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಅಪ್ಪನನ್ನು ಕ್ಯಾಂಟೀನ್ ಹಾಲಿನ ಮುಂದಿನ ಸಾಲಿನಲ್ಲಿ ಕೂರಿಸಿ, ನಾನು ಹಿಂದೆ ಪ್ರೊಜೆಕ್ಟರ್ ಬಳಿ ನಿಂತೆ. ದೀಪ ಆರಿತು. ನನ್ನ ಧ್ವನಿ ಕೇಳಿಸಿತು, ಚಿತ್ರಗಳು ಬಂದವು. ಕೊನೆಗೆ ಆ ಕೈಗಳು ತೆರೆಯ ತುಂಬ ಬಂದು ನಿಂತವು. ಆಮೇಲೆ ಟರ್ನರುಗಳ ಗುಂಪಿನಿಂದ ಶುರುವಾದ ಚಪ್ಪಾಳೆ ಹಾಲನ್ನೆಲ್ಲ ತುಂಬಿತು. ಯಾರ ಕೈ ಎಂದು ಅವರಿಗೂ ಗೊತ್ತಿರಲಿಲ್ಲ, ತಮ್ಮವನೊಬ್ಬನ ಕೈ ಎಂದಷ್ಟೇ ಗೊತ್ತು. ನಾನು ಅಪ್ಪನ ಕಡೆ ನೋಡಿದೆ. ಅವರು ಏನೂ ತಿಳಿಯದೆ ಆ ಕಡೆ ಈ ಕಡೆ ಕತ್ತು ತಿರುಗಿಸಿದರು. ಎಲ್ಲರೂ ತಟ್ಟುತ್ತಿದ್ದಾರೆ, ತಾನು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲ ಎಂದುಕೊಂಡರೋ ಏನೋ, ಅವರೂ ಕೈಯೆತ್ತಿ ಚಪ್ಪಾಳೆ ತಟ್ಟಿದರು. ಅಯ್ಯೋ ದೇವರೇ, ಏನು ಮಾಡಿಬಿಟ್ಟೆ ಎಂದು ನನಗೆ ಹೊಳೆದದ್ದು ಆಗ. ಇಡೀ ಕಾರ್ಖಾನೆಗೆ ತಿಳಿಯುವಂತೆ ಬರೆದಿದ್ದೆ, ಒಬ್ಬರನ್ನು ಬಿಟ್ಟು.

ಮನೆಗೆ ಹೋಗಲು ಬಸ್ಸು ಹತ್ತಿದೆವು. ಮಾಗಡಿ ರಸ್ತೆಗೆ ಬಂದ ಮೇಲೆ ಅಪ್ಪ ಕೇಳಿದರು, “ಕೊನೇಲಿ ಅಷ್ಟು ಚಪ್ಪಾಳೆ ಬಿತ್ತಲ್ಲ, ಯಾರಿಗೋ?”

“ನಿಮಗೇ ಅಪ್ಪಾ. ಅದು ನಿಮ್ಮ ಕೈ ಫೋಟೋ. ಬೆರಳು ನೋಡೇ ಗುರುತು ಹಿಡಿದೆ.”

ಅಪ್ಪ ನಕ್ಕರು. “ಟರ್ನಿಂಗ್ ಸೆಕ್ಷನ್‌ನಲ್ಲಿ ಬೆರಳು ಹೋಗಿದ್ದೋರು ಆರು ಜನ ಇದ್ವಿ ಕಣೋ. ಯಾರ್ದೋ ಏನೋ. ನನಗೆ ಬೇಜಾರಾಗುತ್ತೆ ಅಂತ ಇಲ್ಲದ್ದೆಲ್ಲ ಹೇಳ್ಬೇಡ ಬಿಡು.” ನನ್ನ ತೊಡೆ ತಟ್ಟಿ ಅವರೇ ನನಗೆ ಸಮಾಧಾನ ಹೇಳಿದರು.

ಫೋಟೋ ತಂದು ಅವರ ಕೈಯಲ್ಲಿಟ್ಟೆ. ನಯವಾದ ಕಾಗದವನ್ನು ಸವರಿ ವಾಪಸು ಕೊಟ್ಟರು. ಕ್ಯಾಸೆಟ್ಟು ಹಾಕಿ ಕೇಳಿಸಿದೆ. ಆ ಜಾಗದಲ್ಲಿ, “ಇಲ್ಲೇನೂ ಇಲ್ವಲ್ಲೋ” ಎಂದರು. ನಿಜ, ಏನೂ ಇರಲಿಲ್ಲ. ನಾನೇ ಕಷ್ಟಪಟ್ಟು ಹಾಗೆ ಬರೆದಿದ್ದೆ. ಭಾನುವಾರ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋದಾಗ ಕೋಣೆಯ ಬಾಗಿಲು ಹಾಕಿಕೊಂಡು, ಟೇಪ್ ರೆಕಾರ್ಡರಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿ, ಆ ಹನ್ನೆರಡು ಸೆಕೆಂಡಿನೊಳಗೆ ನನ್ನ ಜೀವಮಾನದ ಅತ್ಯಂತ ಚಿಕ್ಕ ಬರವಣಿಗೆಯನ್ನು ಓದಿದೆ: “ಈ ಕೈಗಳು ಟರ್ನರ್ ನಂಜುಂಡಯ್ಯನವರವು. ಈ ಕಾರ್ಖಾನೆ ಇವರನ್ನು ಮರೆತಿಲ್ಲ.”

ತಿಂಡಿಯಾದ ಮೇಲೆ, “ಮೊನ್ನೆ ಕ್ಯಾಸೆಟ್ಟು ಸರಿಯಾಗಿ ಓಡಿರಲಿಲ್ಲ ಅಪ್ಪಾ, ಈಗ ಕೇಳಿ” ಎಂದು ಹಾಕಿದೆ. ಅಪ್ಪ ತಲೆ ತಗ್ಗಿಸಿ ಕೇಳಿದರು. ಆ ಸಾಲು ಬಂತು. ಇನ್ನೊಂದು ಸಲ ಹಾಕು ಎಂದರು, ಹಾಕಿದೆ. ಆಮೇಲೆ ಕೈ ಚಾಚಿ ನನ್ನ ಭುಜ ಹುಡುಕಿ ಹಿಡಿದುಕೊಂಡರು. “ಬರೆದಿರೋದು ಬಹಳ ಚೆನ್ನಾಗಿದೆ ಕಣೋ ಸೀನ. ಆದ್ರೆ ಹಿಂದೆ ನಮ್ಮನೆ ಕುಕ್ಕರ್ ಕೂಗ್ತಿದೆಯಲ್ಲೋ.”

ಅಪ್ಪ ತೀರಿಕೊಂಡು ಎರಡು ವರ್ಷವಾಯಿತು. ಯಾರೂ ಇಲ್ಲದಾಗ ಆ ಕ್ಯಾಸೆಟ್ಟು ಹಾಕುತ್ತೇನೆ. ನನ್ನ ಸಾಲು ಮುಗಿಯುತ್ತಿದ್ದಂತೆ ಸರೋಜಳ ಕುಕ್ಕರು ಸ್ಪಷ್ಟವಾಗಿ ಒಂದು ಸಲ ಕೂಗುತ್ತದೆ. ಅಷ್ಟು ಕಲಿತು, ಅಷ್ಟು ತಿದ್ದಿ ನಾನು ಮಾಡಿದ್ದರಲ್ಲಿ ಅಪ್ಪ ನಂಬಿದ್ದು ಆ ಕೂಗೊಂದನ್ನೇ.